ಜೋಕರ್ ಮುಖವಾಡ, ಧಾರಾವಿಯ ಗಲ್ಲಿ, ಏಳು ನಿಮಿಷದ ಸಿನಿಮಾ

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನಿಮ್ಮಲ್ಲಿ ಎಷ್ಟು ಜನ 1998ರಲ್ಲಿ ಝೀ ಟಿವಿಯಲ್ಲಿ ಬರ್ತಿದ್ದ 'ವೋಹ್' ಧಾರಾವಾಹಿ ನೋಡಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ನನ್ನ ವಯಸ್ಸಿನವರು ಇದ್ದೀರಿ. ಸ್ಟೀಫನ್ ಕಿಂಗ್ 1986ರಲ್ಲಿ ಬರೆದ 'ಇಟ್' ಕಾದಂಬರಿಯನ್ನೇ ಹಿಂದಿಗೆ ಇಳಿಸಿದ್ದರು. ಮಕ್ಕಳನ್ನು ಹಿಡಿಯುವ ಜೋಕರ್ ಆಗಿದ್ದವರು ಲಿಲಿಪುಟ್. ಗಿಡ್ಡ ದೇಹದ ಈ ನಟನನ್ನು ಹಿಂದಿ ಸಿನಿಮಾ ಹೆಚ್ಚಾಗಿ ನಗಿಸೋಕೆ ಮಾತ್ರ ಕರೀತಿತ್ತು. 'ದೇಖ್ ಭಾಯ್ ದೇಖ್'ನ ಬರಹಗಾರರೂ ಅವರೇ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೀದರಿನ ನಮ್ಮ ಮನೆಯಲ್ಲಿ ಅದು ಶುರುವಾದರೆ ನಾನು ಚಾದರದೊಳಗೆ. ಈಗ ಯೂಟ್ಯೂಬಲ್ಲಿ ನೋಡಿದರೆ ಗ್ರಾಫಿಕ್ಸ್ ನಗು ಬರಿಸುತ್ತೆ. ಲಿಲಿಪುಟ್ ಮುಖ ಮಾತ್ರ ಈಗಲೂ ನಗು ಬರಿಸಲ್ಲ.

ಕೊಲೆಗಾರ ಜೋಕರ್ ಅಂದ್ರೆ ಕಡಿಮೆ ದುಡ್ಡಿನವರ ದೆವ್ವ. ಯಾಕೆ ಗೊತ್ತಾ? ಗ್ರಾಫಿಕ್ಸ್ ಬೇಡ, ಬಂಗಲೆ ಬೇಡ, ಸ್ಟಾರ್ ಬೇಡ. ಮುಖವಾಡವೇ ಪಾತ್ರ, ಒಳಗೆ ಯಾರಿದ್ದರೂ ನಡೆಯುತ್ತೆ. 1978ರ 'ಹ್ಯಾಲೋವೀನ್' ಸುಮಾರು ಮೂರು ಲಕ್ಷ ಡಾಲರಲ್ಲಿ ಆದ ಸಿನಿಮಾ. ಅದರ ಕೊಲೆಗಾರನ ಮುಖವಾಡ, 'ಸ್ಟಾರ್ ಟ್ರೆಕ್' ಕ್ಯಾಪ್ಟನ್ನಿನ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದದ್ದು. ಶುರುವಿನ ದೃಶ್ಯದಲ್ಲಿ ಕೊಲೆ ಮಾಡುವ ಆರು ವರ್ಷದ ಹುಡುಗ ಹಾಕಿಕೊಂಡಿರೋದೂ ಜೋಕರ್ ಬಟ್ಟೆಯೇ. ಹತ್ತಿರದ್ದು ಬೇಕಾದರೆ 2022ರ 'ಟೆರಿಫೈಯರ್ 2'. ಖರ್ಚು ಎರಡೂವರೆ ಲಕ್ಷ ಡಾಲರ್, ಗಳಿಕೆ ಒಂದು ಕೋಟಿ ಡಾಲರಿಗೂ ಮೇಲೆ. ಅದರ ಜೋಕರ್ ಒಂದು ಮಾತೂ ಆಡಲ್ಲ. ರಕ್ತ ನನಗೆ ಹಿಡಿಸಲಿಲ್ಲ, ಅರ್ಧಕ್ಕೇ ಫಾಸ್ಟ್ ಫಾರ್ವರ್ಡ್ ಮಾಡಿದೆ. ಆದರೆ ಆ ಮೌನದ ಮುಂದೆ ನಮ್ಮ ಎಷ್ಟೋ ಹಾರರ್ ಸಿನಿಮಾಗಳ ಕಿರುಚಾಟ ಏನೂ ಅಲ್ಲ.

ಈಗ ಧಾರಾವಿಗೆ ಬರ್ತೀನಿ. ನಮ್ಮ ಆಫೀಸು ಬಿಕೆಸಿಯಲ್ಲಿ. ಗಾಜಿನ ಕಿಟಕಿಯಿಂದ ಮೀಠಿ ನದಿಯಾಚೆ ಕಾಣೋದೇ ಧಾರಾವಿ. ಭಾನುವಾರ ಅಲ್ಲಿ ಕೆಲವು ಹುಡುಗರಿಗೆ ಪೈಥಾನ್ ಹೇಳಿಕೊಡ್ತೀನಿ. ಅದರಲ್ಲಿ ಒಬ್ಬ ಹತ್ತನೇ ಕ್ಲಾಸಿನವ. ಅವರ ಮನೆಯವರು ಕಲಬುರಗಿ ಕಡೆಯವರು, ಅಜ್ಜಿಗೆ ಇವತ್ತಿಗೂ ಮರಾಠಿ ಸರಿಯಾಗಿ ಬರಲ್ಲ. ಒಂದು ದಿನ ಅವ ಬಂದು, "ಅಣ್ಣಾ, ಫೋನಲ್ಲೇ ಹಾರರ್ ಸಿನಿಮಾ ಮಾಡ್ತೀವಿ, ಎಡಿಟಿಂಗ್ ಹೇಳಿಕೊಡ್ರಿ" ಅಂದ. ಮುಖವಾಡ ಆಗಲೇ ತಂದಿದ್ದರು. ನೂರೈವತ್ತು ರೂಪಾಯಿ, ಕೆಂಪು ಮೂಗು, ನೈಲಾನ್ ಕೂದಲು.

ದೊಡ್ಡ ಕಷ್ಟ ಸೌಂಡಿನದು. ಹಾರರ್‌ಗೆ ನಿಶ್ಶಬ್ದ ಬೇಕು, ಧಾರಾವಿಯಲ್ಲಿ ನಿಶ್ಶಬ್ದ ಎಲ್ಲಿಂದ ತರೋದು? ಕುಕ್ಕರ್ ಸೀಟಿ, ಲೋಕಲ್ ಟ್ರೇನು, ಅಟ್ಟದ ಮೇಲೆ ಹೊಲಿಗೆ ಮಷಿನ್ನು. ಹುಡುಗರೇ ಉಪಾಯ ಮಾಡಿದರು. ಜೋಕರ್ ಹತ್ತಿರ ಬಂದಾಗ ಮಷಿನ್ ಸದ್ದು ಜೋರಾಗುತ್ತೆ, ಕೊಲೆಗೆ ಒಂದು ಸೆಕೆಂಡ್ ಮುಂಚೆ ನಿಲ್ಲುತ್ತೆ. ಅಷ್ಟೇ. ನನ್ನ ಎಂಟೆಕ್ಕಿನ ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸಲ್ಲಿ ಯಾರೂ ಇದನ್ನ ಹೇಳಿಕೊಟ್ಟಿರಲಿಲ್ಲ.

ತಕರಾರು ಬಂದದ್ದು ಕೊನೆಯ ಶಾಟಿಗೆ. ರಾತ್ರಿ ಮುಖವಾಡ ಹಾಕಿಕೊಂಡು, ಗಲ್ಲಿಯಲ್ಲಿ ಆಡೋ ಸಣ್ಣ ಮಕ್ಕಳಿಗೆ ಚಾಕಲೇಟ್ ತೋರಿಸಿ ಕರೀಬೇಕು, ಅವು ನಿಜವಾಗಿ ಹೆದರಿ ಓಡೋದನ್ನ ಬಚ್ಚಿಟ್ಟ ಫೋನಲ್ಲಿ ಹಿಡೀಬೇಕು ಅನ್ನೋದು ಅವರ ಪ್ಲಾನು. ನಾನು ಆಗೋದೇ ಇಲ್ಲ ಅಂದೆ. "ಮೊದಲೇ ಹೇಳಿದರೆ ಯಾರು ಹೆದರ್ತಾರಣ್ಣಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಆಗ ಅವರಿಗೆ 2018ರ ಕಥೆ ಹೇಳಿದೆ.

ಆ ವರ್ಷ ಮಕ್ಕಳ ಕಳ್ಳರ ವಾಟ್ಸಾಪ್ ಗುಲ್ಲು ದೇಶವೆಲ್ಲಾ ಹಬ್ಬಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗೋ ವಿಡಿಯೋ ನಿಮಗೂ ಬಂದಿರುತ್ತೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಮಗುವನ್ನು ವಾಪಸ್ ತಂದು ಬಿಟ್ಟು, ಬೋರ್ಡ್ ತೋರಿಸ್ತಾರೆ. ಆ ತುಂಡನ್ನು ಯಾರೋ ಕತ್ತರಿಸಿದರು. ನನ್ನ ಮಟ್ಟಿಗೆ ನಮ್ಮ ಕಾಲದ ಅತಿ ಕಡಿಮೆ ಬಜೆಟ್ಟಿನ ಹಾರರ್ ಸಿನಿಮಾ ಅದೇ. ಒಂದೇ ಒಂದು ಎಡಿಟ್.

ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನರನ್ನು ಹೊಡೆದು ಕೊಂದರು. ಭಿಕ್ಷೆ ಬೇಡುತ್ತಾ ತಿರುಗುವ ಅಲೆಮಾರಿ ಗೋಸಾವಿಗಳು, ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಹೌದು, ಬಸವಣ್ಣನವರು ಇದ್ದ ಮಂಗಳವೇಢೆ. ಎರಡು ವಾರ ಕಳೆದಿಲ್ಲ, ನಮ್ಮದೇ ಬೀದರ್ ಜಿಲ್ಲೆ, ಔರಾದ್ ತಾಲ್ಲೂಕಿನ ಮುರ್ಕಿ. ಕಾರಲ್ಲಿ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಸತ್ತವ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್. ನನ್ನ ವಾರಿಗೆಯವ, ನನ್ನ ಕೆಲಸದವ. ರಜೆಗೆ ಊರಿಗೆ ಹೋಗಿ ರಸ್ತೆ ಬದಿ ಕಾರು ನಿಲ್ಲಿಸಿದಾಗೆಲ್ಲಾ ನನಗೆ ಇದು ನೆನಪಾಗುತ್ತೆ. ಫಾರ್ವರ್ಡನ್ನು ಐದು ಚಾಟಿಗೆ ಸೀಮಿತ ಮಾಡೋದಾಗಿ ವಾಟ್ಸಾಪ್ ಹೇಳಿದ್ದು ಇದೆಲ್ಲಾ ಆದಮೇಲೆ, ಅದೇ ಜುಲೈಯಲ್ಲಿ.

ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ಮಾತು ಶುರು ಮಾಡಿದ್ದು ಅಜ್ಜಿ. ಅಕ್ಕಿ ಆರಿಸುತ್ತಾ ಎಲ್ಲಾ ಕೇಳಿಸಿಕೊಂಡಿದ್ದರು. "ನಮ್ಮೂರಿಗೆ ಹಗಲುವೇಷದವರು ಬರ್ತಿದ್ರಪಾ. ಒಂದಿನ ರಾಕ್ಷಸ, ಒಂದಿನ ಹನುಮಪ್ಪ. ನಾವೂ ಅಂಜಿ ಅಡಗಿ ಕೂಡ್ತಿದ್ವಿ. ಕಡೀ ದಿನ ವೇಷ ಇಲ್ದೆ ಬಂದು ಜೋಳ ಇಸ್ಕೊಂಡು ಹೋಗ್ತಿದ್ರು. ಅವತ್ತು ನೋಡಿದ್ರ, ಅಯ್ಯ, ಇಂವನೇನು ಅನಸ್ತಿತ್ತು."

ಶೂಟಿಂಗಿಗೆ ಮುಂಚೆ ಹುಡುಗರು ಗಲ್ಲಿಯ ಪ್ರತಿ ಮನೆಗೂ ಹೋಗಿ ಮುಖವಾಡ ತೋರಿಸಿ ಬಂದರು. ಸಣ್ಣ ಮಕ್ಕಳಿಗೇ ಪಾತ್ರ ಕೊಟ್ಟರು, ಅಮ್ಮಂದಿರು ಕ್ಯಾಮೆರಾ ಹಿಂದೆ. ಓಡು ಅಂದರೆ ನಕ್ಕೊಂಡೇ ಓಡಿದವು, ಹನ್ನೊಂದು ಟೇಕ್. ಒಂದು ಮಗು ಮಾತ್ರ ಜೋಕರ್ ಕೈಯಿಂದ ಚಾಕಲೇಟ್ ಕಿತ್ಕೊಂಡು ಅಲ್ಲೇ ನಿಂತು ತಿಂತು. ಆ ಟೇಕನ್ನೇ ಇಟ್ಟುಕೊಂಡಿದ್ದೀವಿ. ನನಗೆ ಇಡೀ ಸಿನಿಮಾದಲ್ಲಿ ಮೈ ಜುಮ್ಮೆನ್ನೋದು ಅಲ್ಲೇ.

ಒಟ್ಟು ಖರ್ಚು ಆರುನೂರ ಇಪ್ಪತ್ತು ರೂಪಾಯಿ, ವಡಾಪಾವ್ ಸೇರಿ. ಈಗ ಲೈಟ್ ಆರಿಸಿದರೆ ಹಾಕ್ತೀನಿ. ಆಮೇಲೆ ಮನೇಲಿ ನೋಡೋರು ಹೆಡ್‌ಫೋನ್ ಹಾಕ್ಕೊಳ್ಳಿ, ಮಷಿನ್ ಸದ್ದು ಫೋನಿನ ಸ್ಪೀಕರಲ್ಲಿ ಸರಿಯಾಗಿ ಕೇಳಲ್ಲ.