ಸುಗ್ಗಿ ಹಬ್ಬದ ಚರಿತ್ರೆ: ಮಕ್ಕಳಿಗೆ ಎಷ್ಟು ಹೇಳಬೇಕು?



ಅಮೆರಿಕಾದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ 'ಥ್ಯಾಂಕ್ಸ್‌ಗಿವಿಂಗ್' ಎಂಬ ರಾಷ್ಟ್ರೀಯ ಹಬ್ಬ. ಬೆಳೆ ಕೈಸೇರಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ದಿನ. ಶುಕ್ರ್ ಎಂಬ ಮಾತನ್ನು ಬಲ್ಲ ನಮಗೆ ಈ ಭಾವನೆ ಹೊಸದಲ್ಲ. ಅಲ್ಲಿನ ಶಾಲೆಗಳಲ್ಲಿ ಬಹುಕಾಲ ಹೇಳಿಕೊಂಡು ಬಂದ ಕಥೆ ಚಿಕ್ಕದು: 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರೂ ಮೂಲನಿವಾಸಿಗಳೂ ಒಟ್ಟಿಗೆ ಕುಳಿತು ಉಂಡರು.

ಊಟ ನಡೆದದ್ದು ನಿಜ. ವಲಸಿಗ ಎಡ್ವರ್ಡ್ ವಿನ್ಸ್ಲೋ ಬರೆದ ಪತ್ರದಲ್ಲಿ ಅದರ ವಿವರವಿದೆ. ವಾಂಪನೋಗ್ ನಾಯಕ ಮಸಾಸೋಯಿಟ್ ಸುಮಾರು 90 ಮಂದಿಯೊಡನೆ ಬಂದ. ಅವರು ಐದು ಜಿಂಕೆ ತಂದರು. ಔತಣ ಮೂರು ದಿನ ನಡೆಯಿತು. ಆದರೆ ಅದರ ಹಿಂದಿನ ಪುಟ, ಮುಂದಿನ ಪುಟ?

ವಲಸಿಗರು ನೆಲೆಸಿದ ಜಾಗ ಪಟುಕ್ಸೆಟ್ ಎಂಬ ಊರು. 1616ರಿಂದ 1619ರ ನಡುವೆ ಸಾಂಕ್ರಾಮಿಕ ರೋಗ ಅದನ್ನು ಬರಿದು ಮಾಡಿತ್ತು. ಅವರಿಗೆ ಮೆಕ್ಕೆಜೋಳ ಬಿತ್ತಲು ಕಲಿಸಿದ ಟಿಸ್ಕ್ವಾಂಟಮ್ ಆ ಊರಿನವನೇ. 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅವನನ್ನು ಗುಲಾಮನಾಗಿ ಮಾರಲು ಸ್ಪೇನಿಗೆ ಒಯ್ದಿದ್ದ. 1675ರಲ್ಲಿ ಯುದ್ಧ ಹತ್ತಿತು. ಮರುವರ್ಷ ಮಸಾಸೋಯಿಟನ ಮಗ ಮೆಟಾಕಮ್ ಹತನಾದ. ಅವನ ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೇರಿಸಿದರು. ಅಧ್ಯಕ್ಷ ಲಿಂಕನ್ ದೇಶಕ್ಕೆಲ್ಲ ಈ ಹಬ್ಬ ಸಾರಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. 1970ರಿಂದ ಮೂಲನಿವಾಸಿಗಳು ಅದೇ ದಿನ ಪ್ಲಿಮತ್‌ನಲ್ಲಿ ಶೋಕದಿನ ಆಚರಿಸುತ್ತಾರೆ.

ಇದನ್ನೆಲ್ಲ ಮಗುವಿಗೆ ಹೇಳಬೇಕೇ? ವಯಸ್ಸು ನೋಡಿ ಹೇಳಬೇಕು. ಸುಳ್ಳನ್ನು ಮಾತ್ರ ಯಾವ ವಯಸ್ಸಿಗೂ ಹೇಳಬಾರದು. ಎರಡನೇ ತರಗತಿಗೆ ಬೆಳೆ, ಬಿತ್ತಲು ಕಲಿಸಿದವರ ಹೆಸರು, ಅವರ ಉಪಕಾರ ಸಾಕು. ತಲೆಗೆ ಗರಿ ಸಿಕ್ಕಿಸಿ ವೇಷ ಹಾಕಿಸುವುದು ಬೇಡ. ವಾಂಪನೋಗರು ಇಂದಿಗೂ ಇರುವ ಜನ. ಎಂಟನೇ ತರಗತಿಗೆ ಆ ಪತ್ರದ ಸಾರಾಂಶ ಕೊಟ್ಟು ಕೇಳಿ: ಇದನ್ನು ಬರೆದವರು ಯಾರು? ಯಾರ ಪತ್ರ ನಮ್ಮ ಕೈಯಲ್ಲಿಲ್ಲ?

ಶಿಕ್ಷಕ ಬಂಧುಗಳೇ, ಟಿಪ್ಪುವಿನ ಪಾಠಕ್ಕೂ ವಿಜಯನಗರದ ಪಾಠಕ್ಕೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ನಮ್ಮ ಪುಟವನ್ನು ಬೇರೆಯವರು ಹರಿದರೆ ನೋಯುವ ನಾವು, ನಮಗೆ ಹಿತವಲ್ಲದ ಪುಟವನ್ನು ಮಡಿಚಿಡಬಾರದು. ನಮ್ಮವರಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬುದು ಖುರ್‌ಆನಿನ ಆದೇಶ. ಕೃತಜ್ಞತೆಗೆ ಸತ್ಯ ಅಡ್ಡಿಯಲ್ಲ. ಯಾರಿಗೆ ಕೃತಜ್ಞರಾಗಿರಬೇಕೆಂದು ತಿಳಿಸುವುದೇ ಸತ್ಯ.

ಅಲ್ಲಾಹನು ನಮಗೆ ಅದರ ತೌಫೀಕ್ ನೀಡಲಿ. ಆಮೀನ್.