ಮನೆಯ ಜಾಡಿಗೆ ಅಬಕಾರಿ ಸನ್ನದು

ಹನೂರಿನ ಕಡೆ ಒಬ್ಬ ರೈತ ಹೆಣ್ಣುಮಗಳು ತನ್ನ ತೋಟದ ಬಾಳೆಯಿಂದಲೋ ನೇರಳೆಯಿಂದಲೋ ಮನೆಯಲ್ಲೇ ಸಣ್ಣದಾಗಿ ವೈನ್ ಮಾಡಿ ಮಾರಬೇಕು ಅಂದುಕೊಂಡರೆ ಯಾರ ಹತ್ತಿರ ಹೋಗಬೇಕು, ಯಾವ ಸನ್ನದು ಪಡೆಯಬೇಕು? ಪ್ರಶ್ನೆ ಸಣ್ಣದು. ಆದರೆ ಉತ್ತರ ಯಾಕೆ ಇಷ್ಟು ಕಗ್ಗಂಟಾಗಿದೆ ಎಂದು ತಿಳಿಯಬೇಕಾದರೆ 1799ರಿಂದ ಶುರುಮಾಡಬೇಕು.

ಆ ವರ್ಷ ಶ್ರೀರಂಗಪಟ್ಟಣ ಬಿತ್ತು. ತನ್ನ ರಾಜ್ಯದಲ್ಲಿ ಮದ್ಯವನ್ನೇ ನಿಲ್ಲಿಸಬೇಕೆಂದು ಆಜ್ಞೆ ಮಾಡಿದ್ದ ಟಿಪ್ಪುವಿನ ಸೀಮೆಯನ್ನು ಗೆದ್ದವರು ಹಂಚಿಕೊಂಡರು. ಕೊಳ್ಳೇಗಾಲ ಕಂಪನಿ ಸರ್ಕಾರಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇಂದಿನ ಹನೂರು ತಾಲ್ಲೂಕು, ಮಲೆ ಮಹದೇಶ್ವರ ಬೆಟ್ಟದವರೆಗೂ, ಆಗ ಕೊಳ್ಳೇಗಾಲದ್ದೇ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಬೆಳಿಗ್ಗೆ ಹೊರಟರೆ ಬಿಸಿಲೇರುವ ಮೊದಲು ನಡೆದು ಮುಟ್ಟಬಹುದಾದ ಎರಡು ಊರು. ಒಂದೇ ಮಾತು, ಒಂದೇ ಸಂತೆ, ಹೆಣ್ಣು ಕೊಟ್ಟು ತರುವ ಸಂಬಂಧ. ಸರ್ಕಾರ ಮಾತ್ರ ಎರಡು. ನೂರೈವತ್ತೇಳು ವರ್ಷ ಹೀಗೇ ನಡೆಯಿತು.

ಕೊಳ್ಳೇಗಾಲದವರಿಗೆ ಮದರಾಸಿನ ಕಾನೂನು. 1886ರ ಮದರಾಸು ಅಬಕಾರಿ ಕಾಯ್ದೆ ಬಂದ ಮೇಲೆ ಹೆಂಡ ಇಳಿಸುವುದಕ್ಕೂ ಸಾರಾಯಿ ಬಟ್ಟಿ ಇಳಿಸುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಯಿತು. ಯಳಂದೂರಿಗೆ ಮೈಸೂರು ಸಂಸ್ಥಾನದ 1901ರ ಅಬಕಾರಿ ಕಾನೂನು. ಹೆಸರು ಬೇರೆಯಾದರೂ ಎರಡರ ಉದ್ದೇಶ ಒಂದೇ, ಬೊಕ್ಕಸಕ್ಕೆ ಹಣ. ಅಂಗಡಿಯನ್ನು ಹರಾಜು ಹಾಕುವುದು, ಹೆಚ್ಚು ಕೂಗಿದವನಿಗೆ ಗುತ್ತಿಗೆ ಕೊಡುವುದು, ಅವನ ಆದಾಯಕ್ಕೆ ಅಡ್ಡ ಬರುವವರನ್ನೆಲ್ಲ ಹಿಡಿದು ಶಿಕ್ಷಿಸುವುದು. ಮನೆಯಲ್ಲಿ ತಮ್ಮ ಪಾಡಿಗೆ ಮಾಡಿಕೊಳ್ಳುತ್ತಿದ್ದವರು ಹೀಗೆ ರಾತ್ರೋರಾತ್ರಿ ಕಳ್ಳರಾದರು. ಕಳ್ಳಭಟ್ಟಿ ಎಂಬ ಮಾತಿನ ಹಿಂದೆ ಈ ಗುತ್ತಿಗೆಯ ಇತಿಹಾಸವೂ ಇದೆ.

ಆ ವ್ಯವಸ್ಥೆಯಲ್ಲಿ ನನ್ನ ಗಮನ ಸೆಳೆಯುವ ಒಂದು ವಿಚಾರವುಂಟು. ಹೆಂಡ ಇಳಿಸುವ ಮರಗಳಿಗೆ ಮದರಾಸು ಸರ್ಕಾರ ಮರವೊಂದಕ್ಕೆ ಇಷ್ಟು ಎಂದು ತೆರಿಗೆ ಹಾಕುತ್ತಿತ್ತು. ಅಪ್ಪಣೆ ಪಡೆದ ಈಚಲು ಮರಕ್ಕೆ, ತೆಂಗಿನ ಮರಕ್ಕೆ ನಂಬರು. ಅಬಕಾರಿ ಪೇದೆ ಬಂದು ತೋಪಿನಲ್ಲಿ ನಿಂತು, ನಂಬರಿಲ್ಲದ ಮರದಲ್ಲಿ ಮಡಕೆ ಕಟ್ಟಿದೆಯೇ ಎಂದು ತಲೆ ಎತ್ತಿ ನೋಡುತ್ತಿದ್ದ. ಅಂದರೆ ಒಂದೇ ಒಂದು ಮರದಷ್ಟು ಚಿಕ್ಕದನ್ನೂ ಲೆಕ್ಕಕ್ಕೆ ಹಿಡಿದು ಅನುಮತಿ ಕೊಡುವುದು ಸರ್ಕಾರಕ್ಕೆ ನೂರು ವರ್ಷದ ಹಿಂದೆಯೇ ಸಾಧ್ಯವಿತ್ತು. ಮರ ಹತ್ತುವವನ ಕೈಗೆ ಲಾಭ ಬರಲಿಲ್ಲ, ಅದು ಅಂಗಡಿ ಹಿಡಿದವನಿಗೆ ಹೋಯಿತು. ಆ ಮಾತು ಬೇರೆ. ಆದರೆ ಸಣ್ಣದಕ್ಕೆ ಸನ್ನದು ಕೊಡಲು ಬರುವುದಿಲ್ಲ ಎಂದು ಇವತ್ತು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಮುಂದೆ ಕಾಂಗ್ರೆಸ್ಸಿನ ಪಾನನಿರೋಧ ಬಂತು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದರು. ಯುದ್ಧಕಾಲದಲ್ಲಿ ಅದು ಹಿಂದೆ ಬಿತ್ತು, ಮತ್ತೆ ಎದ್ದಿತು, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದರಾಸು ಪ್ರಾಂತಕ್ಕೆ ಹರಡಿತು. ಕೊಳ್ಳೇಗಾಲವೂ ಅದರೊಳಗೆ. 1950ರ ಸಂವಿಧಾನ 47ನೇ ವಿಧಿಯಲ್ಲಿ ಪಾನನಿರೋಧವನ್ನು ಆದರ್ಶವಾಗಿ ಬರೆಯಿತು, ಏಳನೇ ಅನುಸೂಚಿಯಲ್ಲಿ ಮದ್ಯದ ಅಧಿಕಾರವನ್ನೂ ಅದರ ಮೇಲಿನ ಸುಂಕವನ್ನೂ ರಾಜ್ಯಗಳಿಗೆ ಬಿಟ್ಟಿತು. ಒಂದೇ ಗ್ರಂಥದಲ್ಲಿ ಬೇಡವೆನ್ನುವ ಮಾತೂ ಇದೆ, ತೆರಿಗೆ ಎತ್ತುವ ದಾರಿಯೂ ಇದೆ. ಆ ಇಬ್ಬಂದಿತನದಿಂದ ನಾವಿನ್ನೂ ಹೊರಬಂದಿಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಊರು ಬಂತು, ಕಾನೂನು ತಕ್ಷಣ ಬದಲಾಗಲಿಲ್ಲ. ಬೇರೆ ಬೇರೆ ಪ್ರಾಂತಗಳಿಂದ ಕೂಡಿಬಂದ ರಾಜ್ಯದಲ್ಲಿ ಒಂದೊಂದು ಮೂಲೆಗೆ ಒಂದೊಂದು ಅಬಕಾರಿ ನಿಯಮ. ಇದನ್ನೆಲ್ಲ ಒಂದು ಮಾಡಿದ್ದು 1965ರ ಅಬಕಾರಿ ಕಾಯ್ದೆ. ಅದು 1967ರಲ್ಲಿ ಜಾರಿಗೆ ಬಂತು. ಕೊಳ್ಳೇಗಾಲಕ್ಕೂ ಯಳಂದೂರಿಗೂ ಇಂದಿಗೂ ಅದೇ ಆಧಾರ.

ಆ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು 13ನೇ ಪ್ರಕರಣ. ಸನ್ನದಿಲ್ಲದೆ ಮಾದಕ ಪದಾರ್ಥವನ್ನು ತಯಾರಿಸಬಾರದು ಎನ್ನುತ್ತದೆ ಅದು. ತಯಾರಿಕೆ ಎಂದರೆ ಏನು ಎಂಬುದನ್ನೂ ಕಾಯ್ದೆ ವಿವರಿಸುತ್ತದೆ. ಮನುಷ್ಯ ಮಾಡಿದ್ದಾಗಲಿ ತಾನಾಗಿ ಆದದ್ದಾಗಲಿ, ಮಾದಕ ಪದಾರ್ಥ ಹುಟ್ಟುವ ಎಲ್ಲ ಕ್ರಿಯೆಯೂ ತಯಾರಿಕೆಯೇ. ನಮ್ಮಲ್ಲಿ ಬಹಳ ಜನ ಮಾರಿದರೆ ಮಾತ್ರ ತಪ್ಪು, ಮನೆಗೆ ಮಾಡಿಕೊಂಡರೆ ಏನೂ ಇಲ್ಲ ಎಂದು ನಂಬಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಹಣ್ಣಿನ ರಸ ವೈನ್ ಆಗುವುದು ಹೇಗೆ ಎಂದು ಸ್ವಲ್ಪ ನೋಡೋಣ. ತೊಳೆದು ಒರೆಸಿದ ದ್ರಾಕ್ಷಿಯನ್ನು ಕಿವುಚಿ, ಸಕ್ಕರೆ ಬೆರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಒಂದು ಚಮಚ ಈಸ್ಟ್ ಹಾಕಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಡುತ್ತಾರೆ. ಮಾರನೆಯ ದಿನವೇ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಕೆನೆಯ ಹಾಗೆ ಕಟ್ಟಿರುತ್ತದೆ. ಕಿವಿಗೊಟ್ಟರೆ ಸಣ್ಣಗೆ ಸರಸರ ಸದ್ದು. ಈಸ್ಟು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತಿದೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಸಿಪ್ಪೆಯನ್ನು ಕೆಳಗೆ ಒತ್ತುತ್ತಾರೆ. ಆಲ್ಕೋಹಾಲು ನೂರಕ್ಕೆ ಹನ್ನೆರಡೋ ಹದಿನಾಲ್ಕೋ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಈಸ್ಟು ತಾನೇ ಸುಮ್ಮನಾಗುತ್ತದೆ. ಆಮೇಲೆ ಸೋಸಿ, ತಿಳಿಯಾಗಲು ತಿಂಗಳುಗಟ್ಟಲೆ ಬಿಡುತ್ತಾರೆ. ಇಲ್ಲಿ ಒಲೆಯಿಲ್ಲ, ಆವಿ ಹಿಡಿಯುವ ಕೊಳವೆಯಿಲ್ಲ. ಭಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ಆದರೂ ಸನ್ನದಿಲ್ಲದ ಜಾಡಿಯೂ ಸನ್ನದಿಲ್ಲದ ಭಟ್ಟಿಯೂ ಕಾಯ್ದೆಯ ಆ ಒಂದೇ ಪ್ರಕರಣದೊಳಗೆ ಬೀಳುತ್ತವೆ.

ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದಂಥ ಊರುಗಳಲ್ಲಿ ಹಳೆಯ ಕ್ರೈಸ್ತ ಕುಟುಂಬಗಳಿವೆ. ಕ್ರಿಸ್‌ಮಸ್ಸಿಗೆ ದ್ರಾಕ್ಷಿಯ ವೈನ್ ಮಾಡುವುದು ಕರ್ನಾಟಕದ ಬಹಳಷ್ಟು ಕ್ರೈಸ್ತ ಮನೆಗಳ ಪದ್ಧತಿ, ಕೊಡಗಿನ ಮನೆಗಳಲ್ಲಂತೂ ಜಾತಿಧರ್ಮದ ಗೊಡವೆಯಿಲ್ಲದೆ ಮಾಡುತ್ತಾರೆ. ಹಬ್ಬದ ಒಂದು ಗ್ಲಾಸು ವೈನಿನ ಮೇಲೆ ಕಾಯ್ದೆಯ ನೆರಳು ಬೀಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ವೈನಿಗೆಂದೇ ನಿಯಮ ಬಂದದ್ದು 1968ರಲ್ಲಿ, ದ್ರಾಕ್ಷಿಯಿಂದ ವೈನ್ ತಯಾರಿಸುವ ನಿಯಮಗಳು ಎಂಬ ಹೆಸರಿನಲ್ಲಿ. ಹೆಸರಿನಲ್ಲೇ ದ್ರಾಕ್ಷಿ ಇದೆ. ಕಾರಣ ಸ್ಪಷ್ಟ. ಬೆಂಗಳೂರು ಸುತ್ತ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ನೀಲಿ ದ್ರಾಕ್ಷಿ ಹೇರಳವಾಗಿತ್ತು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ಅದೇ. 1980ರ ದಶಕದ ಕೊನೆಯಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳನ್ನು ನೆಟ್ಟ ಮೇಲೆ ಕನ್ನಡನಾಡಿನ ವೈನಿಗೆ ಹೊರಗೂ ಹೆಸರು ಬಂತು.

ಇತ್ತ ಸಾರಾಯಿಯ ಕಥೆ ಬೇರೆ, ಅದು ದುಃಖದ ಕಥೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2008ರಲ್ಲಿ ಮತ್ತೆ ಅದೇ ಆಯಿತು. ಇಂಥ ಸಾವುಗಳ ಹಿಂದೆ ಇರುವುದು ಮೆಥನಾಲು, ಲಾಭಕ್ಕಾಗಿ ಬೆರೆಸುವ ಕಾರ್ಖಾನೆಯ ಸ್ಪಿರಿಟ್ಟು. ಗಂಡನ ಕೂಲಿಯೆಲ್ಲ ಅಂಗಡಿಗೆ ಹೋಗುವುದನ್ನು ನೋಡಿದ ಹಳ್ಳಿಯ ಹೆಂಗಸರು ನಾಡಿನುದ್ದಕ್ಕೂ ಬೀದಿಗಿಳಿದರು. ಅವರ ಸಿಟ್ಟನ್ನು ಮರೆತು ವೈನಿನ ಮಾತಾಡುವುದು ಸರಿಯಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು.

ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನನ್ನು ತೋಟಗಾರಿಕೆಯ ಕಣ್ಣಿನಿಂದ ನೋಡಿದ್ದು ಅದರ ದೊಡ್ಡತನ. ವೈನ್ ಮಂಡಳಿ ಹುಟ್ಟಿತು, ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವ ನಡೆಯಿತು. ಆದರೆ ನೀತಿಯ ಲಾಭ ಪಡೆದವರು ಎಕರೆಗಟ್ಟಲೆ ದ್ರಾಕ್ಷಿ ಹಾಕಿ, ಉಕ್ಕಿನ ಟ್ಯಾಂಕು ನಿಲ್ಲಿಸುವ ಶಕ್ತಿ ಇದ್ದವರು. ಕೊಳ್ಳೇಗಾಲದ ಬಾಳೆ, ಹನೂರಿನ ಹೊಲದ ಬದುವಿನ ನೇರಳೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಆರಿಸಿ ತರುವ ನೆಲ್ಲಿಕಾಯಿ, ಅವರು ಕೀಳುವ ಜೇನು, ಇವಕ್ಕೆ ಹೆಸರೇ ದ್ರಾಕ್ಷಿಯಾದ ಆ ನೀತಿಯಲ್ಲಿ ಎಲ್ಲಿಯ ಜಾಗ?

ಈಗ ಹನೂರಿನ ಆ ಹೆಣ್ಣುಮಗಳ ಅರ್ಜಿಗೆ ಬರೋಣ. ಅದೇ ನೆಲ್ಲಿಕಾಯಿಯಿಂದ ಉಪ್ಪಿನಕಾಯಿ ಹಾಕಿ ಮಾರುವುದಾದರೆ ಆಹಾರ ಸುರಕ್ಷತೆಯ ಸಣ್ಣ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಶುಲ್ಕ. ವೈನ್ ಎಂದ ಕೂಡಲೆ ಚಾಮರಾಜನಗರದ ಅಬಕಾರಿ ಉಪ ಆಯುಕ್ತರ ಕಚೇರಿಯಿಂದ ಬೆಂಗಳೂರಿನ ಅಬಕಾರಿ ಆಯುಕ್ತರವರೆಗೆ ಕಡತ ಹೋಗಬೇಕು. ಪಹಣಿ ತೋರಿಸಬೇಕು. ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಪರಿವರ್ತನೆ. ಪಂಚಾಯಿತಿಯ ಒಪ್ಪಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಕಟ್ಟಡದ ನಕ್ಷೆ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಧಾಮ. ಕಾಡಂಚಿನ ಹಳ್ಳಿಯಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕಾದೀತು. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮದ್ಯಪಾನೀಯಗಳ ಆಹಾರ ಗುಣಮಟ್ಟದ ನಿಯಮ ಹಣ್ಣಿನ ವೈನನ್ನು ಹೆಸರಿಸಿ ಒಪ್ಪುತ್ತದೆ, ಮೆಥನಾಲಿಗೆ ಮಿತಿ ಹಾಕುತ್ತದೆ, ಬಾಟಲಿಯ ಮೇಲೆ ಎಚ್ಚರಿಕೆ ಬರೆಯಿಸುತ್ತದೆ. ಇದು ಒಳ್ಳೆಯ ನಿಯಮ, ಇರಲೇಬೇಕು. ಮಾಡಿದ್ದನ್ನು ಮಾರುವುದಕ್ಕೆ ಮತ್ತೆ ಬೇರೆ ನಿಯಮ. 2003ರಿಂದ ರಾಜ್ಯದ ಮದ್ಯದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ.

ಇಷ್ಟನ್ನೂ ಕೇಳಿ ಬೇಸತ್ತ ಯಾರಾದರೂ ನ್ಯಾಯಾಲಯಕ್ಕೆ ಹೋದರೆ? ನಮ್ಮ ರಾಜ್ಯದಿಂದಲೇ ಹೋದ ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1994ರಲ್ಲೇ ತೀರ್ಪು ಕೊಟ್ಟಿದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ. ಆದ್ದರಿಂದ ದಾರಿ ಇರುವುದು ವಿಧಾನಸೌಧದಲ್ಲಿ, ನಿಯಮದ ತಿದ್ದುಪಡಿಯಲ್ಲಿ.

ಬೇರೆಯವರು ಮಾಡಿ ತೋರಿಸಿದ್ದಾರೆ. ಮೇಘಾಲಯ 2020ರಲ್ಲಿ ಮನೆಯಲ್ಲಿ ಮಾಡುವ ಹಣ್ಣಿನ ವೈನನ್ನು ಕಾನೂನಿನೊಳಗೆ ತಂದಿತು. ಪಕ್ಕದ ಕೇರಳ 2022ರಲ್ಲಿ ಸಣ್ಣ ವೈನರಿಗಳಿಗೆಂದೇ ನಿಯಮ ಮಾಡಿತು. ನಮ್ಮಲ್ಲೇ ಕಳೆದ ದಶಕದಲ್ಲಿ ತೆಂಗು ಬೆಳೆಗಾರರ ಕಂಪನಿಗಳಿಗೆ ಹುಳಿಬರದ ತೆಂಗಿನ ರಸವಾದ ನೀರಾ ಇಳಿಸಲು ಅವಕಾಶವಾಗುವಂತೆ ಅಬಕಾರಿ ಕಾಯ್ದೆಯನ್ನು ತಿದ್ದಿದೆವು. ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿ ಮೀರಿ ಅಬಕಾರಿ ಆದಾಯ ಎತ್ತುವ ರಾಜ್ಯಕ್ಕೆ ಒಂದು ಊರಿನ ಹಣ್ಣಿನ ವೈನಿನಿಂದ ನಷ್ಟವಿಲ್ಲ.

ನಾನು ಕೇಳುವುದು ಇಷ್ಟೆ. ವರ್ಷಕ್ಕೆ ಇಷ್ಟು ಲೀಟರಿನೊಳಗೆ ಎಂದು ಮಿತಿ ಹಾಕಿ, ಸ್ವಂತ ತೋಟದ ಅಥವಾ ಸಂಘದ ಸದಸ್ಯರ ಹಣ್ಣಿಗೆ ಮಾತ್ರ ಒಂದು ಸಣ್ಣ ಸನ್ನದು. ಮನೆಮನೆಗೆ ಜಾಡಿಯಾದರೆ ನಿಗಾ ಕಷ್ಟ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗಾದರೆ ಊರಿಗೊಂದು ಸಹಕಾರಿ ಕೊಠಡಿ ಆಗಲಿ, ಪ್ರತಿ ತಯಾರಿಕೆಯ ಮಾದರಿ ಪ್ರಯೋಗಾಲಯಕ್ಕೆ ಹೋಗಲಿ, ಗ್ರಾಮಸಭೆಯಲ್ಲಿ ಹೆಂಗಸರು ಒಪ್ಪದ ಊರಿಗೆ ಸನ್ನದೇ ಬೇಡ. ಅಲ್ಲಿಯವರೆಗೆ ಕೊಳ್ಳೇಗಾಲ, ಹನೂರು, ಯಳಂದೂರಿನ ಬಂಧುಗಳಲ್ಲಿ ನನ್ನ ಕೋರಿಕೆ, ಡ್ರಮ್ಮು, ಬಾಟಲಿ ಕೊಳ್ಳುವ ಮುಂಚೆ, ಸಾಲ ಮಾಡುವ ಮುಂಚೆ, ಅಬಕಾರಿ ಕಚೇರಿಗೆ ಹೋಗಿ ನಿಮ್ಮ ಹಣ್ಣಿನ ಹೆಸರು ಬರೆದು ಲಿಖಿತವಾಗಿ ವಿಚಾರಿಸಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಆ ಉತ್ತರದ ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೂ ಕೊಡಿ.