ಎದೆನೋವಿಗೆ ಯಾವ ಪರೀಕ್ಷೆ, ಯಾರಿಗೆ, ಯಾವಾಗ?

(ಅನಗವಾಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹೃದಯದ ಪರೀಕ್ಷೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಮ್ಮ ಆಡಳಿತ ಮಂಡಳಿಯವರು ಕೇಳಿದ್ದಾರೆ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದದ್ದು ನಿಮಗೆ ನೆನಪಿರಬಹುದು. ಸತ್ತವರಲ್ಲಿ ಹರೆಯದವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ಹಚ್ಚಿದರು. ಯಾವ ತೊಂದರೆಯೂ ಇಲ್ಲದವರು ಮುಂದೆ, ನಿಜವಾಗಿ ಎದೆ ಹಿಡಿದವರು ಹಿಂದೆ ನಿಲ್ಲುವ ಪರಿಸ್ಥಿತಿ ಬಂತು. ಗಾಬರಿಯಾಗಬೇಡಿ ಎಂದು ಆಸ್ಪತ್ರೆಯವರೇ ಕೇಳಿಕೊಳ್ಳಬೇಕಾಯಿತು. ಸರಕಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು, ಕುಡಿತ ಇಂಥ ಹಳೆಯ ಕಾರಣಗಳೇ ಇದ್ದವು.

ಭಯ ಬಂದಾಗ ಎಲ್ಲರೂ ಓಡುವುದು, ಭಯ ಹೋದ ಮೇಲೆ ಎದೆ ನೋಯುವವನೂ ಮನೆಯಲ್ಲೇ ಕೂಡುವುದು, ಎರಡೂ ತಪ್ಪು. ಯಾವ ಪರೀಕ್ಷೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದು ನಿಮಗೆ ತಿಳಿದರೆ ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದಲೇ ಹೊರಡೋಣ. ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತೀರಿ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಅಂಕಿ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಹಾಕಿದವನ ಹಾಲಿನಲ್ಲಿ ಅಂಕಿ ಸರಿಯಾಗಿಯೇ ನಿಲ್ಲಬಹುದು. ಹಾಗೆಂದೇ ಸಂಘದಲ್ಲಿ ಜಿಡ್ಡಿನಂಶವನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ಲ್ಯಾಕ್ಟೋಮೀಟರ್ ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿರುವುದು ಹಾಲಿನ ಸಾಂದ್ರತೆ ಒಂದೇ.

ಇ.ಸಿ.ಜಿ.ಯ ಮಾತೂ ಹೀಗೆಯೇ. ಹಾಲೆಂಡಿನ ಐಂತೋವನ್ ಎಂಬ ವಿಜ್ಞಾನಿ ನೂರಿಪ್ಪತ್ತು ವರ್ಷಗಳ ಹಿಂದೆ ಇದನ್ನು ಬಳಕೆಗೆ ತಂದರು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೃದಯದ ಪ್ರತಿ ಬಡಿತದ ವಿದ್ಯುತ್ ಚಲನೆಯನ್ನು ಈ ಯಂತ್ರ ಕಾಗದದ ಮೇಲೆ ಬರೆಯುತ್ತದೆ. ಐದು ನಿಮಿಷದ ಕೆಲಸ, ನೋವಿಲ್ಲ, ಖರ್ಚು ಕಡಿಮೆ. ಹೃದಯಾಘಾತ ನಡೆಯುತ್ತಿರುವಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ನೀವು ಮಂಚದ ಮೇಲೆ ಆರಾಮವಾಗಿ ಮಲಗಿರುವ ಆ ಕೆಲವೇ ಕ್ಷಣಗಳ ಸಂಗತಿಯನ್ನು ಮಾತ್ರ ಅದು ಹೇಳುತ್ತದೆ. ರಕ್ತನಾಳ ಸಾಕಷ್ಟು ಕಿರಿದಾಗಿದ್ದರೂ ಮಲಗಿದಾಗ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇರಬಹುದು. "ಮೊನ್ನೆ ಇ.ಸಿ.ಜಿ. ತೆಗಿಸೇನ್ರಿ, ಏನೂ ಇಲ್ಲ ಅಂದ್ರು" ಎಂದು ಎದೆನೋವನ್ನು ನುಂಗಿಕೊಂಡು ತಿರುಗುವವರು ಇದನ್ನು ಗಮನಿಸಬೇಕು.

ಹಾಗಾದರೆ ಮಲಗಿದಾಗ ಕಾಣದ್ದು ಯಾವಾಗ ಕಾಣುತ್ತದೆ? ಕೆಲಸ ಬಿದ್ದಾಗ. ಪಂಪಸೆಟ್ಟಿನ ಪೈಪಿನಲ್ಲಿ ಅರ್ಧ ಕಸ ಕಟ್ಟಿದ್ದರೂ ದನದ ತೊಟ್ಟಿ ತುಂಬಿಸುವಾಗ ಕೊರತೆ ತಿಳಿಯುವುದಿಲ್ಲ. ಕಬ್ಬಿಗೆ ನೀರು ಹಾಯಿಸಲು ನಿಂತಾಗ ಗೊತ್ತಾಗುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳದ್ದೂ ಇದೇ ಪರಿ. ಘಟಪ್ರಭೆಯ ದಂಡೆಯ ಹೊಲದಿಂದ ಮೇವಿನ ಹೊರೆ ಹೊತ್ತು ಏರು ಹತ್ತುವಾಗ, ಹಾಲಿನ ಕ್ಯಾನ್ ಎತ್ತಿ ಬೀಸುಗಾಲಿನಲ್ಲಿ ಸಂಘಕ್ಕೆ ಬರುವಾಗ ಎದೆಯ ನಡುವೆ ಬಿಗಿ ಹಿಡಿಯುತ್ತದೆ. ನಿಂತರೆ ನಾಲ್ಕೈದು ನಿಮಿಷದಲ್ಲಿ ಬಿಡುತ್ತದೆ. ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ನಮ್ಮ ಭಾಗದವರು ಹೇಳುವುದು ಹೀಗೆ: "ಎದ್ಯಾಗ ಹಿಡದಂಗ ಆಕ್ಕೈತ್ರಿ, ಸ್ವಲ್ಪ ಕುಂತ್ರ ಹೋಕ್ಕೈತ್ರಿ." ಈ ಒಂದು ಮಾತಿಗೆ ವೈದ್ಯಶಾಸ್ತ್ರದಲ್ಲಿ ಬಹಳ ಬೆಲೆಯಿದೆ. ಕೆಲವರಿಗೆ ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮತ್ತು ಹೆಣ್ಣುಮಕ್ಕಳಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ, ದಮ್ಮು ಹತ್ತುತ್ತದೆ, ಸುಸ್ತಾಗುತ್ತದೆ. ತಾಯಂದಿರು ಇದನ್ನು ದಣಿವು ಎಂದುಕೊಂಡು ಮನೆಯಲ್ಲಿ ಹೇಳುವುದೇ ಇಲ್ಲ. ಗಂಡಸರು ವಾಯು ಎಂದು ಸೋಡಾ ಕುಡಿಯುತ್ತಾರೆ. ಕೆಲಸ ಮಾಡಿದಾಗ ಬಂದು, ಕುಳಿತಾಗ ಹೋಗುವ ನೋವನ್ನು ವಾಯು ಎಂದು ನೀವಾಗಿಯೇ ತೀರ್ಮಾನಿಸಬೇಡಿ.

ಇದನ್ನೇ ಡಾಕ್ಟರರ ಕಣ್ಣೆದುರು, ಅಳತೆಯಿಟ್ಟು ಮಾಡಿಸುವುದು ಟಿ.ಎಂ.ಟಿ., ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. ತಿರುಗುವ ಪಟ್ಟಿಯ ಮೇಲೆ ನಿಮ್ಮನ್ನು ನಡೆಸುತ್ತಾರೆ. ಎದೆಗೆ ಇ.ಸಿ.ಜಿ. ತಂತಿ, ತೋಳಿಗೆ ಬಿ.ಪಿ. ಪಟ್ಟಿ ಇರುತ್ತದೆ. ಅಮೆರಿಕದ ರಾಬರ್ಟ್ ಬ್ರೂಸ್ ಎಂಬ ವೈದ್ಯರು 1963ರಲ್ಲಿ ಹಾಕಿಕೊಟ್ಟ ಕ್ರಮವೇ ಇಂದಿಗೂ ಹೆಚ್ಚಿನ ಕಡೆ ನಡೆಯುತ್ತದೆ. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ನೂರಡಿಗೆ ಹತ್ತಡಿ ಏರು. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. 220ರಲ್ಲಿ ನಿಮ್ಮ ವಯಸ್ಸನ್ನು ಕಳೆದರೆ ಬರುವ ಅಂಕಿಯ ಶೇ. 85ರಷ್ಟು ನಾಡಿ ಬಡಿತ ಮುಟ್ಟಬೇಕೆಂಬುದು ವಾಡಿಕೆ. ಐವತ್ತು ವರ್ಷದವನಿಗೆ ಅದು ನಿಮಿಷಕ್ಕೆ ಸುಮಾರು 145. ನಡುವೆ ಎದೆ ನೊಂದರೆ, ತಲೆ ತಿರುಗಿದರೆ ಮರ್ಯಾದೆಗೆ ಅಂಜದೆ ತಕ್ಷಣ ಹೇಳಿರಿ. ಸಾಹಸ ತೋರಿಸುವ ಜಾಗ ಅದಲ್ಲ.

ಪರೀಕ್ಷೆಗೆ ಎರಡು ಮೂರು ತಾಸು ಮೊದಲು ಊಟ ಬೇಡ, ಚಹಾ ಬೇಡ, ಬೀಡಿಯಂತೂ ಬೇಡವೇ ಬೇಡ. ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಒಯ್ಯಿರಿ. ನಾಡಿ ಬಡಿತ ಇಳಿಸುವ ಕೆಲವು ಗುಳಿಗೆಗಳನ್ನು ಪರೀಕ್ಷೆಗೆ ಮೊದಲು ನಿಲ್ಲಿಸಬೇಕಾಗಬಹುದು, ಆದರೆ ಅದನ್ನು ಡಾಕ್ಟರರು ಹೇಳಬೇಕು, ನೀವಾಗಿ ನಿಲ್ಲಿಸಬಾರದು. ಸೀರೆಯುಟ್ಟ ತಾಯಂದಿರಿಗೆ ಆ ಪಟ್ಟಿಯ ಮೇಲೆ ನಡೆಯುವುದು ಕಷ್ಟ. ಕಾಲು ತೊಡಕಿ ನಿಲ್ಲಿಸಿದರೆ ಪರೀಕ್ಷೆ ಅರ್ಧವಾಗುತ್ತದೆ, ದುಡ್ಡು ಪೂರ್ತಿ ಹೋಗುತ್ತದೆ. ಮಗಳದ್ದೋ ಸೊಸೆಯದ್ದೋ ಚೂಡಿದಾರ ಹಾಕಿಕೊಂಡು ಹೋಗಿರಿ, ನಾಚಿಕೆ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟಿ.ಎಂ.ಟಿ. ಎಷ್ಟು ನಂಬಿಕೆಯ ಪರೀಕ್ಷೆ? 1989ರಲ್ಲಿ 24,000ಕ್ಕೂ ಹೆಚ್ಚು ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದರು. ರೋಗ ಇದ್ದ ನೂರು ಜನರಲ್ಲಿ 68 ಜನರನ್ನು ಅದು ಹಿಡಿದಿತ್ತು. ರೋಗ ಇಲ್ಲದ ನೂರು ಜನರಲ್ಲಿ 77 ಜನರನ್ನು ಸರಿ ಎಂದು ಬಿಟ್ಟಿತ್ತು. ಲೆಕ್ಕ ಹಾಕಿ ನೋಡಿ. ಯಾವ ತೊಂದರೆಯೂ ಇಲ್ಲದ ನೂರು ಜನರನ್ನು ನಡೆಸಿದಿರಿ, ಅವರಲ್ಲಿ ಮೂವರಿಗೆ ರೋಗವಿದೆ ಎಂದು ಹಿಡಿಯೋಣ. ಆ ಮೂವರಲ್ಲಿ ಇಬ್ಬರು ಸಿಕ್ಕುತ್ತಾರೆ. ಜೊತೆಗೆ ಏನೂ ಇಲ್ಲದ ಇಪ್ಪತ್ತೆರಡು ಜನರಿಗೂ "ಪಾಸಿಟಿವ್" ಎಂದು ಬರುತ್ತದೆ. ಇಪ್ಪತ್ತೆರಡು ಮನೆಗಳಲ್ಲಿ ನಿದ್ದೆ ಹೋಯಿತು, ಒಂದೆರಡು ಎಮ್ಮೆ ಮಾರಾಟವಾದವು, ಬೇಡದ ಆಂಜಿಯೋಗ್ರಾಂ ಆಯಿತು. ಇನ್ನೊಂದು ಕಡೆ, ನಾನು ಮೊದಲು ಹೇಳಿದಂಥ ನೋವಿರುವ ನೂರು ಜನ ಬಂದರು, ಅವರಲ್ಲಿ ಎಪ್ಪತ್ತು ಜನರಿಗೆ ರೋಗವಿದೆ ಎಂದು ಹಿಡಿಯಿರಿ. ನಲವತ್ತೆಂಟು ಜನ ಸಿಕ್ಕುತ್ತಾರೆ, ಇಪ್ಪತ್ತೆರಡು ಜನರಿಗೆ ರೋಗವಿದ್ದೂ "ಏನೂ ಇಲ್ಲ" ಎಂಬ ಕಾಗದ ಬರುತ್ತದೆ.

ಆದ್ದರಿಂದ ಪರೀಕ್ಷೆಯ ಕಾಗದವೊಂದೇ ತೀರ್ಪು ಹೇಳುವುದಿಲ್ಲ. ನಿಮ್ಮ ನೋವಿನ ರೀತಿ, ವಯಸ್ಸು, ಸಕ್ಕರೆ, ಬಿ.ಪಿ., ತಂಬಾಕು, ಮನೆತನದ ರೋಗ ಇವುಗಳ ಜೊತೆಗಿಟ್ಟು ಓದಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಡಾಕ್ಟರರನ್ನು ಕಾಣದೆ, ಜಾಹೀರಾತು ನೋಡಿ "ಪೂರ್ತಿ ದೇಹ ತಪಾಸಣೆ" ಎಂದು ಟಿ.ಎಂ.ಟಿ. ಮಾಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಂಡು ಗುಳಿಗೆ ತಪ್ಪದೆ ನುಂಗಿದರೆ ಹೆಚ್ಚು ಲಾಭ.

ಎಕೋ ಪರೀಕ್ಷೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಹೃದಯದ ಚಲನೆಯನ್ನು ಮೊದಲು ದಾಖಲಿಸಿದರು. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್, ದನದ ಗಬ್ಬ ನೋಡಲು ಪಶುವೈದ್ಯರು ಬಳಸುವ ಸ್ಕ್ಯಾನ್, ಎಲ್ಲಕ್ಕೂ ತತ್ವ ಒಂದೇ. ಹೃದಯದ ಗೋಡೆ, ಕವಾಟ, ಒತ್ತುವ ಶಕ್ತಿ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ವರದಿಯಲ್ಲಿ ಇ.ಎಫ್. ಎಂದು ಬರೆದಿರುತ್ತಾರೆ. ಅದು 55ರಿಂದ 70ರೊಳಗಿದ್ದರೆ ಸಾಮಾನ್ಯ. 60 ಬಂತೆಂದು ಹೃದಯ ಶೇ. 40ರಷ್ಟು ಕೆಟ್ಟಿತೆಂದು ಅಳಬೇಡಿ, ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಆದರೆ ರಕ್ತನಾಳದೊಳಗಿನ ತಡೆಯನ್ನು ಸಾಮಾನ್ಯ ಎಕೋ ತೋರಿಸುವುದಿಲ್ಲ.

ಮೊಣಕಾಲು ನೋವಿನಿಂದ ನಡೆಯಲಾಗದವರಿಗೆ, ಇ.ಸಿ.ಜಿ.ಯಲ್ಲಿ ಮೊದಲೇ ಕೆಲವು ದೋಷವಿದ್ದವರಿಗೆ ಟಿ.ಎಂ.ಟಿ. ಪ್ರಯೋಜನವಿಲ್ಲ. ಔಷಧಿಯಿಂದ ಹೃದಯಕ್ಕೆ ಕೆಲಸ ಕೊಟ್ಟು ಎಕೋ ಮಾಡುವುದು, ಅಥವಾ ಅಲ್ಪ ಪ್ರಮಾಣದ ವಿಕಿರಣ ವಸ್ತುವನ್ನು ರಕ್ತಕ್ಕೆ ಬಿಟ್ಟು ಹೃದಯದ ಯಾವ ಭಾಗಕ್ಕೆ ರಕ್ತ ಮುಟ್ಟಿಲ್ಲವೆಂದು ಚಿತ್ರ ತೆಗೆಯುವುದು ಇವರಿಗಾಗಿ ಇದೆ. ಇವು ದೊಡ್ಡ ಊರುಗಳ ಮಾತು.

ಸಿ.ಟಿ. ಆಂಜಿಯೋಗ್ರಾಂ ಈಚೆಗೆ ಹೆಚ್ಚು ಬಳಕೆಗೆ ಬಂದಿದೆ. ಕೈಯ ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಸ್ಕ್ಯಾನ್ ಮಾಡಿದರೆ ಹೃದಯದ ನಾಳಗಳೇ ಕಾಣುತ್ತವೆ. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4,146 ಜನರ ಮೇಲೆ ನಡೆದ ಅಧ್ಯಯನದ ಐದು ವರ್ಷಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹೃದ್ರೋಗದ ಸಾವು ಮತ್ತು ಹೃದಯಾಘಾತ ಹಳೆಯ ಕ್ರಮದಲ್ಲಿ ಶೇ. 3.9 ಇದ್ದರೆ, ಈ ಸ್ಕ್ಯಾನ್ ಸೇರಿಸಿದವರಲ್ಲಿ ಶೇ. 2.3. ರೋಗ ಕಂಡವರಿಗೆ ಸರಿಯಾದ ಗುಳಿಗೆ ಬೇಗ ಸಿಕ್ಕಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ಎಣಿಸುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು, ಈ ಬಣ್ಣದ ಔಷಧಿ ಹಿಂದೆ ಒಗ್ಗದವರು ಮೊದಲೇ ಹೇಳಬೇಕು. ಮಣಿಕಟ್ಟಿನಿಂದಲೋ ತೊಡೆಯಿಂದಲೋ ನಳಿಗೆ ತೂರಿಸಿ ಮಾಡುವ ಆಂಜಿಯೋಗ್ರಾಂ ಕೊನೆಯ ಮೆಟ್ಟಿಲು.

ಪರೀಕ್ಷೆಯಲ್ಲಿ ತಡೆ ಕಂಡರೆ ಅಂದೇ ಸ್ಟೆಂಟ್ ಹಾಕಲೇಬೇಕೆ? 2020ರಲ್ಲಿ ಪ್ರಕಟವಾದ "ಇಸ್ಕೀಮಿಯಾ" ಎಂಬ ಅಧ್ಯಯನದಲ್ಲಿ 37 ದೇಶಗಳ 5,179 ರೋಗಿಗಳಿದ್ದರು, ಭಾರತದವರೂ ಇದ್ದರು. ಸ್ಥಿರ ಸ್ಥಿತಿಯ ರೋಗಿಗಳಲ್ಲಿ, ಸ್ಟ್ರೆಸ್ ಪರೀಕ್ಷೆಯಲ್ಲಿ ಸ್ಪಷ್ಟ ದೋಷ ಕಂಡಿದ್ದರೂ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ ಒಳ್ಳೆಯ ಔಷಧಿಯಿಂದ ಆರಂಭಿಸಿದವರಿಗೂ ಸಾವು ಮತ್ತು ಹೃದಯಾಘಾತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪದೇ ಪದೇ ಎದೆನೋವು ಬರುತ್ತಿದ್ದವರಿಗೆ ಮಾತ್ರ ಸ್ಟೆಂಟ್‌ನಿಂದ ಹೆಚ್ಚು ಆರಾಮ ಸಿಕ್ಕಿತು. ಎಡಭಾಗದ ಮುಖ್ಯ ನಾಳದಲ್ಲೇ ತಡೆಯಿದ್ದವರು, ಹೃದಯ ತೀರ ಬಲಗುಂದಿದವರು ಈ ಲೆಕ್ಕಕ್ಕೆ ಸೇರಿಲ್ಲ. ಅಂದರೆ ಸ್ಥಿರವಾದ ನೋವಿದ್ದಾಗ "ಔಷಧಿಯಿಂದ ನೋಡಬಹುದೇ?" ಎಂದು ಕೇಳಲು ನಿಮಗೆ ಸಮಯವಿದೆ, ಹಕ್ಕೂ ಇದೆ. ಹೊಲ ಒತ್ತೆಯಿಡುವ ಮೊದಲು ಇನ್ನೊಬ್ಬ ತಜ್ಞರಿಗೆ ಕಾಗದ ತೋರಿಸಿರಿ.

ಆದರೆ ಕುಳಿತಲ್ಲೇ ಎದೆನೋವು ಬಂದು, ಹದಿನೈದು ಇಪ್ಪತ್ತು ನಿಮಿಷವಾದರೂ ಬಿಡದೆ, ಬೆವರು ಬರುತ್ತಿದ್ದರೆ ಈ ವಿಚಾರ ವಿಮರ್ಶೆಗೆಲ್ಲ ಸಮಯವಿಲ್ಲ. ಆಗ ಟಿ.ಎಂ.ಟಿ. ಮಾಡಿಸಲೇಬಾರದು, ಅದು ಅಪಾಯ. 108ಕ್ಕೆ ಫೋನ್ ಮಾಡಿ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿರಿ. ಬೈಕ್ ನೀವೇ ಹೊಡೆದುಕೊಂಡು ಹೋಗಬೇಡಿ. ಮೊದಲ ಇ.ಸಿ.ಜಿ. ಸರಿಯಿದ್ದು ನೋವು ಮುಂದುವರಿದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಇದೆ.

ತಾಲೂಕು ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ ಎನ್ನಬೇಡಿ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ರಾಜ್ಯ ಸರಕಾರ "ಹೃದಯ ಜ್ಯೋತಿ" ಯೋಜನೆ ತಂದಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕೂಡಲೇ ತಲುಪುತ್ತದೆ. ಅವರು ಹೃದಯಾಘಾತ ಎಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಈ ಮದ್ದನ್ನು ಮೊದಲ ತಾಸಿನಲ್ಲಿ ಕೊಟ್ಟಷ್ಟು ಗುಣ ಹೆಚ್ಚು. ಕರಾವಳಿಯಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಇದೇ ವಿಚಾರದಿಂದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ಬಂದ ಇ.ಸಿ.ಜಿ. ನೋಡಿ ಸಲಹೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಬೀಳಗಿಯಲ್ಲಿ, ಬಾಗಲಕೋಟೆಯಲ್ಲಿ ರಾತ್ರಿ ಹೊತ್ತು ಎಲ್ಲಿ ಇ.ಸಿ.ಜಿ. ತೆಗೆಯುತ್ತಾರೆ, ಎಲ್ಲಿ ಈ ಚುಚ್ಚುಮದ್ದು ಇದೆ ಎಂದು ಇಂದೇ ವಿಚಾರಿಸಿ, ಸಂಘದ ಫಲಕದ ಮೇಲೆ ಬರೆಸಿಡಲು ಕಾರ್ಯದರ್ಶಿಗಳನ್ನು ಕೋರುತ್ತೇನೆ. ಹಾಲಿನ ದರದ ಪಕ್ಕದಲ್ಲೇ ಬರೆಯಿರಿ, ಎಲ್ಲರೂ ದಿನಕ್ಕೆರಡು ಸಲ ನೋಡುವ ಜಾಗ ಅದು.

ಖರ್ಚಿನ ಬಗ್ಗೆ ಒಂದು ಮಾತು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾಯಿತು. ಹಾಲು ಸಂಘದ ಸದಸ್ಯರೂ ಇದಕ್ಕೆ ಅರ್ಹರು. ನೋಂದಣಿಗೆ ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದರೆ ಆ ವರ್ಷ ಸೌಲಭ್ಯವಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆ ಯಾವುದು, ನಿಮಗೆ ಹೇಳಿದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ. ಹಳೆಯ ಇ.ಸಿ.ಜಿ. ಕಾಗದಗಳನ್ನು ಎಸೆಯಬೇಡಿ. ಹಳೆಯದರ ಜೊತೆ ಹೊಸದನ್ನು ಹೋಲಿಸಿದಾಗಲೇ ಎಷ್ಟೋ ಸಲ ರೋಗ ಗೊತ್ತಾಗುತ್ತದೆ. ಆ ಕಾಗದದ ಅಕ್ಷರ ಬಿಸಿಲಿಗೆ, ಶಾಖಕ್ಕೆ ಅಳಿಸಿಹೋಗುತ್ತದೆ, ಆದ್ದರಿಂದ ಒಂದು ಜೆರಾಕ್ಸ್ ಮಾಡಿಸಿ ಹಾಲಿನ ಪಾಸ್ ಪುಸ್ತಕದ ಜೊತೆಗೇ ಇಟ್ಟುಕೊಳ್ಳಿ.

ಸಂಜೆ ಹಾಲು ಹಿಂಡುವ ಹೊತ್ತಾಗುತ್ತಿದೆ. ಯಾರಿಗಾದರೂ ನಡೆದಾಗ ಎದೆ ಹಿಡಿಯುತ್ತಿದ್ದರೆ, ಎಲ್ಲರೆದುರು ಹೇಳಲು ಸಂಕೋಚವಾದರೆ, ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇನೆ, ಬಂದು ಹೇಳಿರಿ.